ಗಾಡಿ ಇಲ್ಲದವಳ ಪೆಟ್ರೋಲು

ನಮ್ಮ ದೊಡ್ಡವ್ವನಿಗೆ ಗಾಡಿ ಇಲ್ಲ. ಇದ್ದಿದ್ದರೂ ಹತ್ತುತ್ತಿರಲಿಲ್ಲ. ಕಟ್ಟೆಮಳಲವಾಡಿಯಿಂದ ಹುಣಸೂರಿಗೆ ಅವಳದು ಸರ್ಕಾರಿ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ಅದಕ್ಕೂ ಕಾಸು ಬಿಚ್ಚಬೇಕಾಗಿಲ್ಲ. ಆಧಾರ್ ಕಾರ್ಡು ತೋರಿಸಿ, ಸೊನ್ನೆ ರೂಪಾಯಿ ಟಿಕೆಟ್ಟು ಇಸಕೊಂಡು, ಕಿಟಕಿ ಪಕ್ಕ ಸೆರಗು ಹಾಸಿ ಸೀಟು ಹಿಡಿದರೆ ಆಯಿತು. ಹೀಗೆ ಓಡಾಟಕ್ಕೆ ಬಿಡಿಗಾಸಿನ ಖರ್ಚೂ ಇಲ್ಲದ ಹೆಂಗಸಿನ ಪಾಸ್‌ಬುಕ್ಕಿನಲ್ಲಿ ಪೆಟ್ರೋಲ್ ಬಂಕಿಗೆ ಹೋದ ದುಡ್ಡು ಸಾಲು ಸಾಲಾಗಿ ಅಚ್ಚಾಗಿತ್ತು.

ಅವಳು ಎಂಟ್ರಿ ಹಾಕಿಸಲು ಹೋದದ್ದು ಖರ್ಚು ನೋಡುವುದಕ್ಕಲ್ಲ, ಗೃಹಲಕ್ಷ್ಮಿ ಬಂತೋ ಇಲ್ಲವೋ ನೋಡುವುದಕ್ಕೆ. 2023ರ ಆಗಸ್ಟ್ 30ರಂದು ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಉದ್ಘಾಟನೆಯಾದ ಯೋಜನೆ ಅದು. ಮನೆ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ. ಕೆಲವು ತಿಂಗಳು ಬರುವುದಿಲ್ಲ, ಆಮೇಲೆ ಎರಡು ಕಂತು ಒಟ್ಟಿಗೆ ಬಂದು ಕೂರುತ್ತದೆ. ಆದ್ದರಿಂದ ಊರಿನ ಹೆಂಗಸರಿಗೆ ಪಾಸ್‌ಬುಕ್ ಓದುವ ಹುಕಿ ಬಂದಿದೆ. ನನ್ನ ಮಟ್ಟಿಗೆ ಆ ಯೋಜನೆಯ ದೊಡ್ಡ ಲಾಭ ಇದೇ: ಹೊಗೆಸೊಪ್ಪಿನ ದುಡ್ಡು ಎಷ್ಟು ಬಂತು, ಎಲ್ಲಿ ಹೋಯಿತು ಎಂದು ಇಷ್ಟು ವರ್ಷ ಕೇಳದೆ ಇದ್ದವರು ಈಗ ‘ಇದ್ಯಾಕೆ ಕಮ್ಮಿ ಆಯ್ತು’ ಎಂದು ಕೌಂಟರಿನ ಮುಂದೆ ನಿಲ್ಲುತ್ತಾರೆ.

ಕೌಂಟರಿನವರು ಅವಳ ಪಾಸ್‌ಬುಕ್ ನೋಡಿ, ‘ಪೆಟ್ರೋಲ್ ಬಂಕಿಗೆ ಕಟ್ಟಿದೀರಲ್ಲಮ್ಮ’ ಅಂದು ಮುಂದಿನವರನ್ನು ಕರೆದಿದ್ದರು. ನಾನು ಮೈಸೂರಿನಿಂದ ಊರಿಗೆ ಹೋದಾಗಲೆಲ್ಲ ಜಮೀನಿನ ಆರ್‌ಟಿಸಿ, ಕರೆಂಟ್ ಬಿಲ್ಲು, ಆಸ್ಪತ್ರೆ ಚೀಟಿ ಎಲ್ಲ ನನ್ನ ಮುಂದೆ ಬಂದು ಬೀಳುವುದು ವಾಡಿಕೆ. ಆ ಸಲ ಪಾಸ್‌ಬುಕ್ಕು. ದೊಡ್ಡವ್ವ ಕನ್ನಡಕ ಕೊಟ್ಟು, ‘ಓದ್ಲಾ ಮಗ, ಇವ ಯಾರು ಅಂತ ಹೇಳು’ ಅಂದಳು.

ಓದಿದರೆ ‘ಇವ’ ಮನುಷ್ಯನೇ ಅಲ್ಲ. ಮೊದಲು ‘ಯುಪಿಐ’, ಒಂದು ಓರೆಗೆರೆ, ‘ಡಿಆರ್’, ಇನ್ನೊಂದು ಓರೆಗೆರೆ, ಹನ್ನೆರಡು ಅಂಕಿಯ ಒಂದು ಸಂಖ್ಯೆ, ಆಮೇಲೆ ಮೂರು ಇನಿಷಿಯಲ್ಲು, ಅದರ ಬಾಲಕ್ಕೆ ‘ಫ್ಯೂಯೆ’. ಅಷ್ಟಕ್ಕೇ ಜಾಗ ಮುಗಿದಿದೆ. ಇನ್ನೊಂದು ಸಾಲಿನಲ್ಲಿ ಬೇರೆಯೇ ಹೆಸರು, ಬಾಲಕ್ಕೆ ‘ಎಂಟರ್‌ಪ್ರೈ’.

‘ಆ ಹೆಸರಿನ ಬಂಕು ಹುಣಸೂರಲ್ಲೇ ಇಲ್ಲ’ ಎಂದು ದೊಡ್ಡಪ್ಪ ತೀರ್ಪು ಕೊಟ್ಟ. ಅವನ ಮಾತು ಒಂದು ಲೆಕ್ಕದಲ್ಲಿ ನಿಜ. ನಮ್ಮ ಕಡೆ ಬಂಕುಗಳಿಗೆ ಇರುವುದು ಹೊಸ ಬಂಕು, ಹಳೇ ಬಂಕು, ನೀಲಿ ಬಂಕು, ಸೊಪ್ಪಿನ ಲಾರಿ ನಿಲ್ಲುವ ಬಂಕು ಎಂಬ ಹೆಸರುಗಳು. ಕಂಬದ ಮೇಲಿರುವುದು ಎಣ್ಣೆ ಕಂಪನಿಯ ಹೆಸರು. ಬ್ಯಾಂಕಿಗೆ ಇವೆರಡೂ ಬೇಕಿಲ್ಲ. ಡೀಲರ್‌ಶಿಪ್ ಯಾರ ಹೆಸರಲ್ಲಿ ಇದೆಯೋ, ಕರೆಂಟ್ ಅಕೌಂಟು ಯಾವ ಹೆಸರಲ್ಲಿ ತೆರೆದಿದೆಯೋ ಅದೇ ಅಚ್ಚಾಗುವುದು. ಅದು ಮಾಲೀಕರ ಮನೆದೇವರೋ, ಮಗಳೋ, ತೀರಿಕೊಂಡ ಅಪ್ಪನೋ ಆಗಿರಬಹುದು. ಸಾಲದ್ದಕ್ಕೆ ಒಂದೇ ಬಂಕಿನಲ್ಲಿ ಎರಡು ಮೂರು ಕಂಪನಿಗಳ ಕ್ಯೂಆರ್ ಅಂಟಿಸಿರುತ್ತಾರೆ, ಒಂದೊಂದಕ್ಕೆ ಒಂದೊಂದು ಹೆಸರು. ಹುಡುಗ ಯಾವ ಫಲಕ ಮುಂದೆ ಚಾಚುತ್ತಾನೋ ಆ ಹೆಸರು ನಿಮ್ಮ ಪಾಸ್‌ಬುಕ್ಕಿಗೆ. ಕಾರ್ಡ್ ಉಜ್ಜಿದರೆ ಊರಿನ ಹೆಸರೂ ಬರುವುದುಂಟು. ಅಲ್ಲಿ ಯಂತ್ರ ನೋಂದಾಯಿಸಿದ ಊರು ಬಿದ್ದರೆ, ಪಿರಿಯಾಪಟ್ಟಣದಲ್ಲಿ ಡೀಸೆಲ್ ಹಾಕಿಸಿದವನು ಯಾವುದೋ ದೊಡ್ಡ ಪಟ್ಟಣದಲ್ಲಿ ಹಾಕಿಸಿದಂತೆ ಕಾಣುತ್ತದೆ. ಹಾಗಾಗಿ ಹೆಸರಿನಿಂದ ತನಿಖೆ ಶುರುಮಾಡಿದವರು ಹೆಸರಿನಲ್ಲೇ ಸಿಕ್ಕಿಕೊಳ್ಳುತ್ತಾರೆ.

ದೊಡ್ಡಪ್ಪ ಸಿಕ್ಕಿಕೊಳ್ಳಲಿಲ್ಲ, ನೇರವಾಗಿ ಮೊಮ್ಮಗನ ಕಡೆ ತಿರುಗಿದ. ಪಿಯುಸಿ ಓದುವ ಹುಡುಗ. ಮನೆಯಲ್ಲಿ ದೊಡ್ಡ ಫೋನು ಇರುವುದು ಅವನ ಹತ್ತಿರ ಮಾತ್ರ. ದೊಡ್ಡವ್ವ ಖಾತೆ ತೆರೆಸುವಾಗ ಮೊಬೈಲ್ ನಂಬರ್ ಕೇಳಿದರು, ಅವಳಿಗೆ ತನ್ನ ಕೀಪ್ಯಾಡ್ ಫೋನಿನ ನಂಬರು ನೆನಪಿರಲಿಲ್ಲ, ಪಕ್ಕದಲ್ಲಿದ್ದ ಮೊಮ್ಮಗನ ನಂಬರು ಬರೆಸಿದಳು. ಅವನ ಸ್ವಂತ ಖಾತೆಯೂ ಅದೇ ಬ್ಯಾಂಕಿನಲ್ಲಿ, ಅದೇ ನಂಬರಿಗೆ. ಯುಪಿಐ ಎಂಬುದು ಫೋನ್ ನಂಬರು ಹಿಡಿದು ಖಾತೆ ಹುಡುಕುವ ಏರ್ಪಾಡು. ಆ ನಂಬರಿಗೆ ಕಟ್ಟಿದ ಖಾತೆಗಳು ಪಟ್ಟಿಯಲ್ಲಿ ಬರುತ್ತವೆ, ಯಾವುದಕ್ಕೆ ಟಿಕ್ ಹಾಕಿದ್ದೀರೋ ಅಲ್ಲಿಂದ ದುಡ್ಡು ಹೋಗುತ್ತದೆ. ಗೃಹಲಕ್ಷ್ಮಿ ಬಂತೇ ಎಂದು ಅಜ್ಜಿ ದಿನಾ ಪೀಡಿಸುತ್ತಿದ್ದಳೆಂದು ಹುಡುಗ ಅವಳ ಡೆಬಿಟ್ ಕಾರ್ಡು ಹಿಡಿದು ಪಿನ್ ಮಾಡಿಕೊಂಡಿದ್ದ, ಬ್ಯಾಲೆನ್ಸು ನೋಡಲು. ಟಿಕ್ಕು ಅಜ್ಜಿಯ ಖಾತೆಯ ಮೇಲೇ ಉಳಿದುಹೋಗಿತ್ತು. ಅವನ ಖಾತೆಯಲ್ಲಿ ಹೇಗೂ ಇದ್ದದ್ದು ಮಿನಿಮಮ್ ಬ್ಯಾಲೆನ್ಸಿಗೂ ಎಟುಕದ ದುಡ್ಡು. ಟಿಕ್ಕು ಬದಲಿಸುವ ಅಗತ್ಯ ಅವನಿಗೆ ಕಂಡಿರಲಿಲ್ಲ.

‘ಬೈಕ್ ಹುಡುಗ್ರು ಜೊತೆ ಅಲೀತಾನೆ, ಅವ್ರಿಗೆ ಪೆಟ್ರೋಲ್ ಹಾಕಿಸ್ತಾನೆ’ ಎಂದು ದೊಡ್ಡಪ್ಪ ಜಗುಲಿ ಕೇಳುವಂತೆ ಕೂಗಿದ. ‘ಇಲ್ನೋಡು, ಜನವರಿ 15. ಎಲ್ಗೋಗಿದ್ಲಾ ಅವತ್ತು?’

‘ಕಾಲೇಜಿಗೆ’ ಅಂದ ಹುಡುಗ, ತಲೆ ಎತ್ತದೆ.

ಹುಡುಗ ಸುಳ್ಳು ಹೇಳಿರಲಿಲ್ಲ. ಪಾಸ್‌ಬುಕ್ಕಿನ ತಾರೀಖೂ ಪೂರ್ತಿ ನಿಜ ಹೇಳಿರಲಿಲ್ಲ. ರಜೆಯ ದಿನ ನಡೆದದ್ದಕ್ಕೆ ಕೆಲವೊಮ್ಮೆ ಮಾರನೆಯ ದಿನದ ತಾರೀಖು ಬೀಳುತ್ತದೆ. ನಿಜವಾದ ದಿನ ಅಡಗಿರುವುದು ಆ ಹನ್ನೆರಡು ಅಂಕಿಯಲ್ಲಿ. ಅದನ್ನು ಯಾರೂ ಓದುವುದಿಲ್ಲ, ಕಣ್ಣು ಜಾರಿಸಿ ಮುಂದೆ ಹೋಗುತ್ತಾರೆ. ಮೊದಲ ಅಂಕಿ ಇಸವಿಯ ಕೊನೆಯ ಅಂಕಿ; ಮುಂದಿನ ಮೂರು, ವರ್ಷದಲ್ಲಿ ಅದು ಎಷ್ಟನೆಯ ದಿನ ಎಂಬುದು. ಆ ಸಾಲಿನ ಸಂಖ್ಯೆ ಶುರುವಾಗಿದ್ದದ್ದು 5014 ಎಂದು. ಅಂದರೆ 2025, ಹದಿನಾಲ್ಕನೆಯ ದಿನ, ಜನವರಿ 14, ಸಂಕ್ರಾಂತಿ. ಬ್ಯಾಂಕಿಗೂ ರಜ, ಕಾಲೇಜಿಗೂ ರಜ. ಇದನ್ನು ನಾನು ವಿವರಿಸಿದಾಗ ಹುಡುಗನ ಮುಖ ಇನ್ನಷ್ಟು ಕೆಳಗೆ ಹೋಯಿತು, ದೊಡ್ಡಪ್ಪನ ಎದೆ ಇನ್ನಷ್ಟು ಮುಂದೆ ಬಂತು.

ಆದರೆ ಪಕ್ಕದಲ್ಲೇ ಮೊತ್ತದ ಅಂಕಣ ಇತ್ತಲ್ಲ. 210. ಅದರ ಕೆಳಗೆ 210. ಒಂದು ಬಿಟ್ಟು ಮತ್ತೆ 210.

ಬೈಕ್ ಹುಡುಗರು ಯಾರೂ ಇನ್ನೂರ ಹತ್ತು ರೂಪಾಯಿಗೆ ಪೆಟ್ರೋಲ್ ಹಾಕಿಸುವುದಿಲ್ಲ. ಅವರು ನೂರು ಅನ್ನುತ್ತಾರೆ, ಇನ್ನೂರು ಅನ್ನುತ್ತಾರೆ, ಸಂಬಳ ಆದ ದಿನ ಫುಲ್ ಟ್ಯಾಂಕ್ ಅನ್ನುತ್ತಾರೆ. ಇನ್ನೂರ ಹತ್ತು ಅನ್ನುವವರು ಬೇರೊಂದು ಪಂಗಡ. ನೂರು, ಇನ್ನೂರು, ಐನೂರಕ್ಕೆ ಬಂಕಿನವರು ಮೊದಲೇ ಬಟನ್ ‘ಸೆಟ್’ ಮಾಡಿಟ್ಟಿರುತ್ತಾರೆ, ಅದರಲ್ಲಿ ಕಡಿಮೆ ಬರುತ್ತದೆ, ಚಿಲ್ಲರೆ ಸೇರಿಸಿ ಹೇಳಿದರೆ ಅವರ ಆಟ ನಡೆಯುವುದಿಲ್ಲ ಎಂದು ನಂಬಿದವರು. ಕರ್ನಾಟಕದ ಯಾವ ಬಂಕಿನಲ್ಲಿ ಅರ್ಧ ಗಂಟೆ ನಿಂತರೂ ಇಂಥ ಒಬ್ಬರು ಸಿಗುತ್ತಾರೆ. ಸಾಮಾನ್ಯವಾಗಿ ಐವತ್ತು ದಾಟಿದ ಗಂಡಸರು, ಝೀರೋ ನೋಡಿದ ಮೇಲೂ ಮೀಟರಿನಿಂದ ಕಣ್ಣು ತೆಗೆಯದವರು. ನಿಜಕ್ಕೂ ಅನುಮಾನ ಇದ್ದರೆ ಮಾಡಬೇಕಾದ್ದು ಬೇರೆ: ಪ್ರತಿ ಬಂಕಿನಲ್ಲೂ ಕಾನೂನು ಮಾಪನ ಶಾಸ್ತ್ರ ಇಲಾಖೆ ಮುದ್ರೆ ಒತ್ತಿದ ಐದು ಲೀಟರಿನ ಅಳತೆ ಪಾತ್ರೆ ಇರುತ್ತದೆ, ಯಾವ ಗಿರಾಕಿ ಬೇಕಾದರೂ ಅಳೆದು ತೋರಿಸಿ ಎನ್ನಬಹುದು, ಐದು ಲೀಟರಿಗೆ 25 ಮಿಲಿಲೀಟರಿಗಿಂತ ಹೆಚ್ಚು ವ್ಯತ್ಯಾಸ ಬರುವಂತಿಲ್ಲ. ಹಿಂದೆ ನಾಲ್ಕು ಗಾಡಿ ಹಾರ್ನ್ ಹೊಡೆಯುತ್ತಿರುವಾಗ ಪಾತ್ರೆ ತರಿಸುವ ಧೈರ್ಯ ಯಾರಿಗೂ ಇಲ್ಲ. ಹತ್ತು ರೂಪಾಯಿ ಸೇರಿಸಿ ಹೇಳುವುದು ಸುಲಭ.

ಮತ್ತು ನಮ್ಮ ಮನೆಯಲ್ಲಿ ಆ ಪಂಗಡಕ್ಕೆ ಸೇರಿದವನು ಒಬ್ಬನೇ. ಅವನ ಟಿವಿಎಸ್ ಎಕ್ಸೆಲ್ಲಿಗೆ ಇನ್ನೂರ ಹತ್ತಕ್ಕೆ ಎರಡು ಲೀಟರು ಚಿಲ್ಲರೆ ಹಿಡಿಯುತ್ತದೆ.

‘ದೊಡ್ಡಪ್ಪ, ಸಂಕ್ರಾಂತಿ ದಿನ ನೀನು ಚುಂಚನಕಟ್ಟೆ ಜಾತ್ರೆಗೆ ಹೋಗಿದ್ಯಾ?’

‘ಹೂಂ, ಹೋರಿ ನೋಡಕ್ಕೆ. ಇವನ್ನೂ ಕರ್ಕೊಂಡೋಗಿದ್ದೆ.’

‘ಪೆಟ್ರೋಲ್ ದುಡ್ಡು ಯಾರು ಕೊಟ್ರು?’

‘ಯಾರು ಕೊಡ್ತಾರೆ? ಇವ ಫೋನ್‌ಪೇ ಮಾಡ್ದ.’

ಅಷ್ಟು ಹೊತ್ತಿಗೆ ದೊಡ್ಡವ್ವ ಒಳಗಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ದೊಡ್ಡಪ್ಪನ ಮುಖ ನೋಡಬೇಕಿತ್ತು. ಅಲ್ಲಿ ಕಳ್ಳತನ ಇರಲಿಲ್ಲ, ಶುದ್ಧ ಆಶ್ಚರ್ಯ. ಫೋನಿನಿಂದ ಹೋಗುವ ದುಡ್ಡು ಫೋನಿನದ್ದು ಎಂದೇ ಅವನು ತಿಳಿದಿದ್ದ. ರೀಚಾರ್ಜ್ ಮಾಡಿಸಿದ್ದರಲ್ಲಿ ಅದೂ ಸೇರಿರುತ್ತದೆ ಅನ್ನುವ ಹಾಗೆ. ಹುಡುಗ ಬಾಯಿ ಬಿಡದಿದ್ದದ್ದು ತಾತನ ಮರ್ಯಾದೆಗೆ.

ದೊಡ್ಡಪ್ಪನ ಪರವಾಗಿಯೂ ಒಂದು ಮಾತು ಹೇಳಬೇಕು. ತನ್ನ ಖಾತೆ ಅವನ ಕೈಗೆ ಸಿಗುವಂಥದ್ದಲ್ಲ. ನಮ್ಮೂರಿನ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಬೇಲ್ ಬಿಟ್ಟರೆ ದುಡ್ಡು ನೋಟಾಗಿ ಕೈಗೆ ಬರುವುದಿಲ್ಲ. ಖಾತೆಗೆ ಬರುತ್ತದೆ, ಬಂದ ಕೂಡಲೇ ಸಾಲಕ್ಕೆ, ಗೊಬ್ಬರದ ಬಾಬ್ತಿಗೆ ಎಂದು ಮುರಿದುಕೊಳ್ಳುತ್ತಾರೆ. 1976ರಲ್ಲಿ ತಂಬಾಕು ಮಂಡಳಿ ಆಗಿ, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಶುರುವಾದ ಮೇಲೆ ಹೊಗೆಸೊಪ್ಪಿನ ರೈತನ ವರಮಾನ ಬ್ಯಾಂಕಿನ ಕಾಗದದ ಮೇಲೆ ಬಂತು. ಅವನ ಖರ್ಚು ಮಾತ್ರ ಬಹುಕಾಲ ಕಾಗದಕ್ಕೆ ಬರಲಿಲ್ಲ. ಸೌದೆ ಹೊಡೆಯುವ ಟ್ರ್ಯಾಕ್ಟರಿಗೆ, ಸೊಪ್ಪು ಒಣಗಿಸುವ ಬ್ಯಾರನ್ನಿಂದ ಬೇಲ್ ಸಾಗಿಸುವ ಗಾಡಿಗೆ ಡೀಸೆಲ್ಲು ಎಂದರೆ ಬಂಕಿನಲ್ಲಿ ಉದ್ರಿ. ಚೀಟಿಯಲ್ಲಿ ಡ್ರೈವರ್ ಸಹಿ ಹಾಕಿ ಹೋಗುತ್ತಾನೆ, ಹರಾಜು ಮುಗಿದ ಮೇಲೆ ಒಂದೇ ಗಂಟು. ಈಗ ಆ ಗಂಟನ್ನು ಫೋನಿನಲ್ಲೋ ಚೆಕ್ಕಿನಲ್ಲೋ ತೀರಿಸುತ್ತಾರೆ. ಸ್ಟೇಟ್‌ಮೆಂಟಿನಲ್ಲಿ ಒಂದು ದಿನ ಇದ್ದಕ್ಕಿದ್ದ ಹಾಗೆ ಬಂಕಿನ ಹೆಸರಿಗೆ ದೊಡ್ಡ ಮೊತ್ತ ಕಾಣುತ್ತದೆ. ಒಂದೇ ದಿನ ಅಷ್ಟು ಡೀಸೆಲ್ ಯಾರು ಕುಡಿದರು ಎಂದು ಪಟ್ಟಣದಲ್ಲಿರುವ ಮಗ ಹೌಹಾರುತ್ತಾನೆ. ಅದು ಒಂದು ದಿನದ ಡೀಸೆಲ್ಲಲ್ಲ, ನಾಟಿಯಿಂದ ಹರಾಜಿನವರೆಗಿನ ಡೀಸೆಲ್ಲು. ಬ್ಯಾಂಕಿಗೆ ಗೊತ್ತಿರುವುದು ತೀರಿಸಿದ ದಿನ ಮಾತ್ರ.

ಸಿಕ್ಕಿಬಿದ್ದ ದೊಡ್ಡಪ್ಪ ಸುಮ್ಮನಾಗಲಿಲ್ಲ. ಮೈಸೂರಿನ ಹೆಬ್ಬಾಳದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಚಿಕ್ಕಪ್ಪನ ಮಗ ಗೋಡೆಗೆ ಒರಗಿ ನಗುತ್ತಿದ್ದ. ‘ನಗ್ತೀಯಾ? ನಿನ್ ಕಾರ್ಡಿಂದು ತೋರ್ಸು, ನೋಡವ’ ಎಂದ. ಅವನು ತೋರಿಸಿದ. ಅಲ್ಲಿ ಇನ್ನೊಂದು ತರದ ಗೋಜಲು: ಬಂಕಿಗೆ ಸಾವಿರ ರೂಪಾಯಿ, ಅದರ ಕೆಳಗೆ ಹತ್ತು ರೂಪಾಯಿ, ಅದರ ಕೆಳಗೆ ಒಂದು ರೂಪಾಯಿ ಎಂಬತ್ತು ಪೈಸೆ, ಕೆಲವು ದಿನ ಬಿಟ್ಟು ಹತ್ತು ರೂಪಾಯಿ ವಾಪಸು. ಯಾವನೋ ಕಾರ್ಡು ಪರೀಕ್ಷೆ ಮಾಡುತ್ತಿದ್ದಾನೆ, ಮೊದಲು ಹತ್ತು ತೆಗೆದು ನೋಡಿ ಆಮೇಲೆ ಲಕ್ಷ ತೆಗೆಯುತ್ತಾನೆ ಎಂದು ಅವನಿಗೆ ಯಾರೋ ಹೆದರಿಸಿದ್ದರಂತೆ. ಕಳ್ಳನಲ್ಲ, ಸರ್‌ಚಾರ್ಜು. ಕ್ರೆಡಿಟ್ ಕಾರ್ಡಿನಲ್ಲಿ ಇಂಧನ ಕೊಂಡರೆ ಮೇಲೆ ನೂರಕ್ಕೆ ಒಂದು. ಆ ಹತ್ತಕ್ಕೆ ಜಿಎಸ್‌ಟಿ ನೂರಕ್ಕೆ ಹದಿನೆಂಟು, ಅದೇ ಒಂದು ಎಂಬತ್ತು. ಖರೀದಿ ಸುಮಾರು ನಾನೂರು ಐನೂರರಿಂದ ಕೆಲವು ಸಾವಿರದ ಒಳಗಿದ್ದರೆ ಅನೇಕ ಕಾರ್ಡುಗಳು ಸರ್‌ಚಾರ್ಜ್ ಮನ್ನಾ ಮಾಡುತ್ತವೆ, ಆದರೆ ತೆರಿಗೆ ಸಾಮಾನ್ಯವಾಗಿ ಹಿಂದೆ ಬರುವುದಿಲ್ಲ. ದೊಡ್ಡಪ್ಪ ತನ್ನ ಇನ್ನೂರ ಹತ್ತನ್ನು ಕಾರ್ಡಿನಲ್ಲಿ ಕೊಟ್ಟಿದ್ದರೆ ಮನ್ನಾ ಸಿಗುತ್ತಲೇ ಇರಲಿಲ್ಲ.

ಬಟ್ಟೆ ಅಂಗಡಿಯಲ್ಲಿ ಇಲ್ಲದ ಈ ದಂಡ ಬಂಕಿನಲ್ಲಿ ಮಾತ್ರ ಯಾಕೆ? ಬಟ್ಟೆಯವನು ಕಾರ್ಡಿನ ಶುಲ್ಕವನ್ನು ಸೀರೆಯ ಬೆಲೆಯಲ್ಲಿ ಅಡಗಿಸಬಲ್ಲ, ಬಂಕಿನವನಿಗೆ ಬೆಲೆ ಮುಟ್ಟುವ ಅಧಿಕಾರ ಇಲ್ಲ. ಲೀಟರಿಗೆ ಇಷ್ಟು ಕಮಿಷನ್ ಎಂದು ಎಣ್ಣೆ ಕಂಪನಿ ಗೊತ್ತುಮಾಡಿರುತ್ತದೆ. ನೋಟು ರದ್ದಾದ ಕಾಲದಲ್ಲಿ ಈ ಜಗಳ ಬೀದಿಗೆ ಬಂದಿತ್ತು. ಡಿಜಿಟಲ್ ಆಗಿ ಕೊಟ್ಟವರಿಗೆ 2016ರ ಡಿಸೆಂಬರ್ 13ರಿಂದ ಶೇಕಡ 0.75 ರಿಯಾಯಿತಿ ಎಂದು ಸರ್ಕಾರ ಒಂದು ಕಡೆ ಕೊಟ್ಟರೆ, ಕಾರ್ಡಿನ ವ್ಯವಹಾರಕ್ಕೆ ಶೇಕಡ 1 ಹಿಡಿಯುತ್ತೇವೆ ಎಂದು ಬ್ಯಾಂಕುಗಳು ಇನ್ನೊಂದು ಕಡೆ ಬಂಕಿನವರಿಗೆ ತಿಳಿಸಿದವು. ಹಾಗಾದರೆ ಕಾರ್ಡೇ ತೆಗೆದುಕೊಳ್ಳುವುದಿಲ್ಲ ಎಂದು 2017ರ ಜನವರಿ ಮೊದಲ ವಾರ ಮುಗಿಯುವ ಹೊತ್ತಿಗೆ ಡೀಲರುಗಳು ಪಟ್ಟು ಹಿಡಿದರು; ಸರ್ಕಾರ ನಡುವೆ ಬಂದು ಸಮಾಧಾನ ಮಾಡಿತು. ಆ ರಿಯಾಯಿತಿ ಕ್ರೆಡಿಟ್ ಕಾರ್ಡಿಗೆ 2019ರ ಅಕ್ಟೋಬರ್ 1ರಿಂದ ನಿಂತಿತು. ರಿಯಾಯಿತಿ ಹೋಯಿತು, ಸರ್‌ಚಾರ್ಜು ಉಳಿಯಿತು. ಇಂಥದ್ದರಲ್ಲಿ ಯಾವುದು ಉಳಿಯುತ್ತದೆ ಎಂದು ಪಂಚಾಂಗ ನೋಡದೆ ಹೇಳಬಹುದು.

ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗನ ಭಾವನದು ಇನ್ನೂ ದೊಡ್ಡ ಕತೆಯಂತೆ. ಅಲ್ಲಿ ಹೆಚ್ಚಿನ ಕಡೆ ಪೆಟ್ರೋಲ್ ಹಾಕುವ ಹುಡುಗ ಇರುವುದಿಲ್ಲ, ಪಂಪಿಗೇ ಕಾರ್ಡು ತುರುಕಿ ತಾನೇ ಹಾಕಿಕೊಳ್ಳಬೇಕು. ಎಷ್ಟು ತುಂಬಿಸುತ್ತಾನೆ ಎಂದು ಪಂಪಿಗೆ ಮೊದಲೇ ಗೊತ್ತಾಗುವುದಿಲ್ಲವಲ್ಲ, ಅದಕ್ಕೆ ಒಂದು ಅಂದಾಜು ಮೊತ್ತ ತಡೆಹಿಡಿಯುತ್ತದೆ. ಕೆಲವು ಕಡೆ ಒಂದೇ ಡಾಲರು, ಕೆಲವು ಕಡೆ ನೂರಕ್ಕೂ ಮೇಲೆ. ವೀಸಾ, ಮಾಸ್ಟರ್‌ಕಾರ್ಡ್‌ನವರು 2022ರಲ್ಲಿ ಆ ಮಿತಿಯನ್ನು 125ರಿಂದ 175 ಡಾಲರಿಗೆ ಏರಿಸಿದರು. ಮೂವತ್ತು ಡಾಲರಿಗೆ ತುಂಬಿಸಿದವನ ಖಾತೆಯಲ್ಲಿ 175 ‘ಪೆಂಡಿಂಗ್’ ಎಂದು ಕೂತಿರುತ್ತದೆ, ಕೆಲವು ಗಂಟೆಯೋ ದಿನವೋ ಕಳೆದ ಮೇಲೆ ಕರಗಿ ಮೂವತ್ತಾಗುತ್ತದೆ. ಹೊಸದಾಗಿ ಹೋದವರು, ಡೆಬಿಟ್ ಕಾರ್ಡಿನಲ್ಲಿ ಬಾಡಿಗೆಗೆಂದು ದುಡ್ಡು ಎಣಿಸಿ ಇಟ್ಟುಕೊಂಡವರು, ಇದನ್ನು ನೋಡಿ ರಾತ್ರಿ ನಿದ್ದೆಗೆಡುತ್ತಾರೆ.

‘ನಮ್ಮ ಬಂಕಿನ ಹುಡುಗ್ರೇ ವಾಸಿ’ ಅಂದ ದೊಡ್ಡಪ್ಪ. ಮಾತು ಅಮೆರಿಕಕ್ಕೆ ಹೋದದ್ದು ಅವನಿಗೆ ಬಹಳ ಅನುಕೂಲವಾಗಿತ್ತು.

ನನ್ನ ಕಣ್ಣು ಮಾತ್ರ ಉಳಿದಿದ್ದ ಒಂದು ಸಾಲಿನ ಮೇಲಿತ್ತು. ‘ಎಂಟರ್‌ಪ್ರೈ’, ಐನೂರು ರೂಪಾಯಿ. ಐನೂರು ದೊಡ್ಡಪ್ಪನ ಮೊತ್ತ ಅಲ್ಲ. ಆಗಿದ್ದರೆ ಐನೂರ ಹತ್ತು ಇರುತ್ತಿತ್ತು. ಸಂಖ್ಯೆ ಶುರುವಾಗಿದ್ದದ್ದು 5037, ಫೆಬ್ರವರಿ 6. ಅದನ್ನು ಬಾಯಿಬಿಟ್ಟು ಓದುವಷ್ಟರಲ್ಲಿ ಇಷ್ಟೊತ್ತು ಉತ್ಸಾಹದಿಂದ ನಿಂತಿದ್ದ ದೊಡ್ಡವ್ವ, ‘ಸಾಕು ಬುಡ್ಲಾ ಮಗ, ಮುದ್ದೆ ಆರೋಗ್ತದೆ’ ಎಂದು ಪಾಸ್‌ಬುಕ್ ಕಿತ್ತುಕೊಂಡಳು.

ಊಟಕ್ಕೆ ಬಡಿಸುವಾಗ ತಾನೇ ಹೇಳಿದಳು. ಅವತ್ತು ಅವಳ ತವರಿನ ಕಡೆ ಮದುವೆ. ಆ ಮನೆಯವರಿಗೂ ದೊಡ್ಡಪ್ಪನಿಗೂ ಮಾತಿಲ್ಲ, ಒಂದು ಬದುವಿನ ವಿಚಾರದಲ್ಲಿ. ಮುಯ್ಯಿ ಹಾಕದೆ ಇರಲು ಅವಳಿಗೆ ಮನಸ್ಸು ಬರಲಿಲ್ಲ. ಕೈಯಲ್ಲಿ ನೋಟಿಲ್ಲ, ಗಂಡನ ಹತ್ತಿರ ಕೇಳುವಂತಿಲ್ಲ. ಮೊಮ್ಮಗನಿಗೆ ಹೇಳಿದಳು. ಅವನು ಬಂಕಿಗೆ ಹೋಗಿ ಐನೂರು ಸ್ಕ್ಯಾನ್ ಮಾಡಿ, ಬಂಕಿನ ಹುಡುಗನ ಚರ್ಮದ ಚೀಲದಿಂದ ಐನೂರರ ನೋಟು ಈಸಿಕೊಂಡು ಬಂದ. ಒಂದು ತೊಟ್ಟು ಪೆಟ್ರೋಲೂ ಇಲ್ಲ.

ಹಳ್ಳಿಗಾಡಿನಲ್ಲಿ ಇದು ದಿನನಿತ್ಯದ ವ್ಯವಹಾರ. ಎಟಿಎಮ್ಮಿನಲ್ಲಿ ದುಡ್ಡಿಲ್ಲದಿದ್ದರೂ ಬಂಕಿನ ಚೀಲದಲ್ಲಿ ಇರುತ್ತದೆ. ಬೆಳಗಿನ ಜಾವವೂ ಇರುತ್ತದೆ. ಬಂಕಿನವನಿಗೂ ನೋಟು ಎಣಿಸಿ ಬ್ಯಾಂಕಿಗೆ ಹೊರುವ ಕೆಲಸ ಅಷ್ಟು ಕಡಿಮೆ. ಒಂದು ಕಾಲದಲ್ಲಿ ಸರ್ಕಾರವೇ ಇದನ್ನು ಮಾಡಿಸಿತ್ತು: 2016ರ ನವೆಂಬರ್ 8ರ ರಾತ್ರಿ ಐನೂರು ಸಾವಿರದ ನೋಟು ಹೋದ ಮೇಲೆ, ಆಯ್ದ ಬಂಕುಗಳಲ್ಲಿ ಡೆಬಿಟ್ ಕಾರ್ಡು ಉಜ್ಜಿ 2000 ರೂಪಾಯಿವರೆಗೆ ನಗದು ಪಡೆಯಬಹುದೆಂದು ಏರ್ಪಾಡಾಯಿತು. ಹಳೆಯ ಐನೂರರ ನೋಟನ್ನು ಡಿಸೆಂಬರ್ 2ರವರೆಗೆ ತೆಗೆದುಕೊಂಡದ್ದೂ ಇದೇ ಬಂಕುಗಳು. ಆ ದಿನಗಳಲ್ಲಿ ಟ್ಯಾಂಕ್ ತುಂಬಿಸದ ಜಿಪುಣನೇ ಇರಲಿಲ್ಲ.

ಹೀಗಾಗಿ ಬಂಕಿನ ಹೆಸರಿದ್ದಲ್ಲಿ ಪೆಟ್ರೋಲು ಇರಲೇಬೇಕೆಂದಿಲ್ಲ. ಮೊತ್ತ ನಿಜ, ದಿನ ಸ್ವಲ್ಪ ಹುಡುಕಿದರೆ ನಿಜ. ಯಾತಕ್ಕೆ ಎಂಬುದು ಆ ಪುಸ್ತಕದಲ್ಲಿ ಇಲ್ಲ, ಇರಬೇಕಾಗಿಯೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಸಂಜೆ ದೊಡ್ಡಪ್ಪ, ‘ಆ ಐನೂರು ಎಲ್ಲಿದ್ಲಾ?’ ಎಂದು ಕೇಳಿದಾಗ, ‘ಅದೂ ಬಂಕಿಂದೇ ಕಣ್ ದೊಡ್ಡಪ್ಪ’ ಎಂದೆ. ಬ್ಯಾಂಕಿನ ದಾಖಲೆ ಪ್ರಕಾರ ಇದು ಸತ್ಯವಾದ ಉತ್ತರ.

ಮನೆಯ ಯಾರ ಕೈವಾಡವೂ ಇಲ್ಲದ ಸಾಲು ಸಿಕ್ಕರೆ ಮಾತ್ರ ಹೀಗೆ ಜಗುಲಿಯಲ್ಲಿ ಕೂತು ಪಂಚಾಯ್ತಿ ಮಾಡಬಾರದು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಬ್ಯಾಂಕಿನ ತಪ್ಪೂ ಅಲ್ಲದ ನಮ್ಮ ತಪ್ಪೂ ಅಲ್ಲದ ಮೋಸವಾದರೆ, ಬ್ಯಾಂಕಿನಿಂದ ಸುದ್ದಿ ಬಂದ ಮೂರು ಕೆಲಸದ ದಿನದೊಳಗೆ ದೂರು ಕೊಟ್ಟವರಿಗೆ ನಷ್ಟವಿಲ್ಲ. ತಡವಾದಷ್ಟೂ ಹೊರೆ ನಮ್ಮ ಕಡೆ ವಾಲುತ್ತದೆ. ಸೈಬರ್ ದೂರಿಗೆ 1930. ಬಂಕಿನಲ್ಲಿ ದುಡ್ಡು ಕಡಿತವಾಗಿ, ಸೌಂಡ್‌ಬಾಕ್ಸ್ ಮಾತಾಡದೆ, ಎರಡನೇ ಸಲ ಕೊಟ್ಟು ಬಂದವರು ಗಾಬರಿಯಾಗಬೇಕಿಲ್ಲ. ಮೊದಲನೆಯದು ಐದು ದಿನದೊಳಗೆ ತಾನಾಗಿ ಹಿಂದೆ ಬರಬೇಕು, ಬರದಿದ್ದರೆ ಆಮೇಲಿನ ದಿನಕ್ಕೆ ನೂರು ರೂಪಾಯಿಯಂತೆ ಬ್ಯಾಂಕು ಕೊಡಬೇಕು ಎಂದು 2019ರ ಅಕ್ಟೋಬರ್ 15ರಿಂದ ನಿಯಮ ಇದೆ. ಕೇಳಿ ತೆಗೆದುಕೊಂಡವರನ್ನು ನಾನಂತೂ ಕಂಡಿಲ್ಲ.

ದೊಡ್ಡವ್ವ ಮುಂದಿನ ವಾರವೇ ಬಸ್ಸು ಹತ್ತಿ ಹೋಗಿ ಫಾರಂ ಬರೆಸಿ ಕೊಟ್ಟು, ತನ್ನ ಕೀಪ್ಯಾಡ್ ಫೋನಿನ ನಂಬರನ್ನೇ ಖಾತೆಗೆ ಹಾಕಿಸಿದಳು. ಹಾಕಿಸಿದ ಮೇಲೆ ಮತ್ತೊಮ್ಮೆ ಎಂಟ್ರಿ. ಮೊನ್ನೆ ನಾನು ಹೋದಾಗ ಪಾಸ್‌ಬುಕ್ ಮತ್ತೆ ಮುಂದೆ ಬಂತು. 210 ಒಂದೂ ಇರಲಿಲ್ಲ. ಅವಳ ಬೆರಳು ಇನ್ನೊಂದು ಕಡೆ ಕುಕ್ಕುತ್ತಿತ್ತು: 17 ರೂಪಾಯಿ 70 ಪೈಸೆ.

‘ಇದ್ಯಾವ ಬಂಕ್ಲಾ?’

ಬಂಕಲ್ಲ, ಬ್ಯಾಂಕೇ ಎಂದೆ. ದುಡ್ಡು ಬಂತು, ದುಡ್ಡು ಹೋಯಿತು ಎಂದು ಮೆಸೇಜು ಕಳಿಸುತ್ತಾರಲ್ಲ, ಅದಕ್ಕೆ ಮೂರು ತಿಂಗಳಿಗೆ ಹದಿನೈದು ರೂಪಾಯಿ, ಮೇಲೆ ಜಿಎಸ್‌ಟಿ. ಹಳೆಯ ಪುಟಗಳಲ್ಲೂ ಇತ್ತು, ಪೆಟ್ರೋಲಿನ ಗಲಾಟೆಯಲ್ಲಿ ಯಾರೂ ನೋಡಿರಲಿಲ್ಲ.

ದೊಡ್ಡವ್ವ ಫೋನು ತೆಗೆದು, ಮೆಸೇಜುಗಳನ್ನು ಒಂದೊಂದಾಗಿ ಒತ್ತುತ್ತಾ ಹೋದಳು. ‘ಹಂಗಾದ್ರೆ ಈ ಹದಿನೇಳೂ ಎಪ್ಪತ್ತು ಹೋಯ್ತು ಅನ್ನೋ ಮೆಸೇಜು ಎಲ್ಲಿ?’